ಭಟ್ಟರ ಮಧ್ಯಾಹ್ನದ ನಿದ್ದೆ

“ಕಿವಿ ಕೊಟ್ಟವ ಕೇಳ ಶಕ್ತಿ ಎಂತಕ್ಕೆ ಕೊಟ್ಟಿದ್ನಿಲ್ಲೆ?”

ದೀಪದ ಬತ್ತಿ ಹೊಸೆಯುತ್ತ ನಾಗಪತಿ ಗಟ್ಟಿಯಾಗಿಯೇ ಕೇಳಿದ. ಹೆಗಡೆಕಟ್ಟಾದಾಚೆಯ ಆ ಸಣ್ಣ ಶಿವ ದೇವಸ್ಥಾನದಲ್ಲಿ ಅವನು ಪರಿಚಾರಕ. ಲಿಂಗದ ಮೇಲೆ ತೂಗುವ ಧಾರಾಪಾತ್ರೆಯಿಂದ ನೀರು ಎಂದಿನಂತೆ ತೊಟ್ಟಿಕ್ಕುತ್ತಿತ್ತು. ಅದನ್ನು ತುಂಬಿಸಿಟ್ಟು ಗರ್ಭಗುಡಿಯ ಹೊಸ್ತಿಲ ಪಕ್ಕ ಒರಗಿದ್ದ ಅರ್ಚಕ ಸೀತಾರಾಮ ಭಟ್ಟರ ಗೊರಕೆಯೂ ಎಂದಿನಂತೆ ಸಾಗಿತ್ತು.

ನಾಗಪತಿಯ ಮಗಳು ಮೇಧಾಗೆ ಹುಟ್ಟಿನಿಂದ ಕಿವಿ ಕೇಳಿಸದು. ಹುಬ್ಬಳ್ಳಿಯ ಡಾಕ್ಟರು ಬಿಡಿಸಿ ಹೇಳಿದ್ದರು: ಕಿವಿ ಬರೀ ಬಾಗಿಲು, ಕೇಳುವುದು ಮಿದುಳು. ಬಾಗಿಲಿಗೆ ಯಾರೂ ಬಾರದಿದ್ದರೆ ಮಿದುಳು ಆ ಕೋಣೆಯನ್ನು ಬೇರೆ ಕೆಲಸಕ್ಕೆ ಕೊಟ್ಟುಬಿಡುತ್ತದೆ. ಆಮೇಲೆ ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂರಿಸಿದರೂ ಮಾತು ಒಳಗಿಳಿಯದು. ಸರ್ಕಾರದ ಉಚಿತ ಆಪರೇಷನ್ನಿನ ಸರದಿ ಬರುವ ತನಕ ಮಿದುಳು ಕಾಯುವುದಿಲ್ಲ. ನಾಗಪತಿ ದೇವಸ್ಥಾನದ ಆಡಳಿತ ಮಂಡಳಿಯವರ ಮನೆಮನೆಗೂ ಹೋಗಿ ಹಣಕ್ಕಾಗಿ ಕೈಮುಗಿದ. ದೇವರ ಮೇಲೆ ಭಾರ ಹಾಕು ಎಂದರು. ಹಾಕಿದ.

ದೇವರ ಚಿನ್ನದ ನಾಗಾಭರಣ ಗರ್ಭಗುಡಿಯ ಮರದ ಪೆಟ್ಟಿಗೆಯಲ್ಲಿತ್ತು. ಯಲ್ಲಾಪುರದಲ್ಲಿ ಅದೇ ಅಚ್ಚಿನದೊಂದನ್ನು ಹಿತ್ತಾಳೆಯಲ್ಲಿ ಮಾಡಿಸಿ, ಹಗುರವೆನಿಸದಂತೆ ಸೀಸ ತುಂಬಿಸಿ, ಚಿನ್ನದ ನೀರು ಹಾಕಿಸಿದ. ಡಾಕ್ಟರ ಮಾತಿನಿಂದಲೇ ಕಲಿತ ಪಾಠ: ಮಂಗಳಾರತಿಯ ಬೆಳಕಿನಲ್ಲಿ ಕಣ್ಣು ಇಂದಿನದನ್ನು ಎಲ್ಲಿ ನೋಡುತ್ತದೆ? ಮನಸ್ಸು ನಿನ್ನೆಯದನ್ನೇ ತೋರಿಸಿ ಕಳಿಸುತ್ತದೆ.

ಭಟ್ಟರು ಮನೆಗೆ ಹೊರಟರೆ ಗುಡಿಗೆ ಬೀಗ. ಹಾಗಾಗಿ ಅದಲುಬದಲು ಅವರು ಅಲ್ಲೇ ಮಲಗಿದ ಹೊತ್ತಿನಲ್ಲೇ ಆಗಬೇಕು.

“ಪ್ರಳಯ ಆದ್ರೂ ಭಟ್ರಿಗೆ ಎಚ್ಚರ ಆಗ್ತಿಲ್ಲೆ,” ಎಂದು ಹೂ ತರುವ ಸುಬ್ಬಲಕ್ಷ್ಮಿ ಅಣಕಿಸುವುದಿತ್ತು.

“ಪ್ರಳಯ ಬಂದ್ರೆ ನೀನೇ ಎಬ್ಸೇ ಮಾರಾಯ್ತಿ,” ಎನ್ನುತ್ತಿದ್ದರು ಭಟ್ಟರು.

ನಾಗಪತಿ ಆ ಮಾತನ್ನೂ ನಂಬದೆ ಪರೀಕ್ಷಿಸಿದ. ಒಂದು ದಿನ ತಂಬಿಗೆ ಕೆಡವಿದ. ಇನ್ನೊಂದು ದಿನ ಗಂಟೆಯನ್ನೇ ಬಾರಿಸಿದ. ಗೊರಕೆಯ ಲಯ ತಪ್ಪಲಿಲ್ಲ.

ಆ ಮಧ್ಯಾಹ್ನ ಭಟ್ಟರ ಕಾಲು ದಾಟಿ ಒಳಹೋದ. ಹಿತ್ತಾಳೆಯದು ಪೆಟ್ಟಿಗೆ ಸೇರಿತು, ಚಿನ್ನದ್ದು ಕೈಗೆ ಬಂತು. ತಣ್ಣಗಿತ್ತು, ಮಗುವಿನ ಕೈಯಂತೆ. ಕಲ್ಲುಗೋಡೆಗಳ ನಡುವೆ ಒಂದೊಂದು ತೊಟ್ಟೂ ನೆತ್ತಿಯ ಮೇಲೇ ಬಿದ್ದಂತೆ ಕೇಳಿಸಿ, ಹೊರಗೆ ಗೊರಕೆ ಇದೆಯೋ ಇಲ್ಲವೋ ತಿಳಿಯದಾಯಿತು. ಗೊರಕೆ ಒಂದು ಗಳಿಗೆ ಕಿವಿಗೆ ಬಿದ್ದರೆ ಸಾಕು, ಧೈರ್ಯವಾಗಿ ಹೊರಬೀಳಬಹುದು. ಕೈಯೆತ್ತಿ ಧಾರಾಪಾತ್ರೆಯ ತೂತಿಗೆ ಬೆರಳೊತ್ತಿ ಹಿಡಿದ.

ಗೊರಕೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅದೂ ನಿಂತಿತು. ಭಟ್ಟರು ಕಣ್ಣುಜ್ಜುತ್ತ ಹೊಸ್ತಿಲಿಗೆ ಬಂದರು. “ಧಾರೆ ನಿಂತು, ಎಚ್ಚರ ಆತು ತಮಾ. ನೀರು ಖಾಲಿ ಆತಾ ಅಂತ ಎದ್ದಿ,” ಎಂದವರು ಅವನ ಮೇಲೆತ್ತಿದ ಬೆರಳನ್ನೂ ಇನ್ನೊಂದು ಕೈಯ ಚಿನ್ನವನ್ನೂ ನೋಡಿದರು. ಹರೆಯದಿಂದ ಆ ತೊಟ್ಟಿನ ಸದ್ದೇ ಅವರ ನಿದ್ದೆಯ ಹಾಸಿಗೆಯಾಗಿತ್ತು. ನಾಗಪತಿ ಅದನ್ನೇ ಎಳೆದಿದ್ದ. “ನಿಂಗ ಸುಮ್ಮನಿದ್ಬಿಡಿ ಭಟ್ರೇ, ಮೇಧಾ ಸಲುವಾಗಿ,” ಎಂದ. ಭಟ್ಟರ ಕಣ್ಣು ತುಂಬಿತು. “ಇಲ್ಲೆ ತಮಾ,” ಎಂದರು, “ಸುಮ್ಮನಿರ್ತ್ನಿಲ್ಲೆ.”