ಗೆದ್ದಲು ಓದಿದ ಮೂರನೇ ಪುಸ್ತಕ

"ಕೈ ತೋರಿಸು. ಎರಡೂ ಕೈ," ಅಂದರು ಲೈಬ್ರರಿ ಮಿಸ್.

ಗೆದ್ದಲು ಎರಡೂ ಅಂಗೈ ಚಾಚಿದಳು. ಹೆಬ್ಬೆರಳಿಗೆ ಇಂಕು ಮೆತ್ತಿತ್ತು. ಅದನ್ನು ಸ್ಕರ್ಟಿಗೆ ಒರೆಸಿಕೊಂಡು ಮತ್ತೆ ಚಾಚಿದಳು.

"ಸರಿ. ಈಗ ಬಾ, ನೀನೇ ಬಿಚ್ಚು."

ಮೇಜಿನ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಕೂತಿತ್ತು. ಉಗುರಿನಿಂದ ಟೇಪು ಕಿತ್ತು ಮುಚ್ಚಳ ತೆಗೆದದ್ದೇ ತಡ, ಹೊಸ ಪುಸ್ತಕದ ವಾಸನೆ ಗಮ್ಮೆಂದು ಬಂತು. ಗೆದ್ದಲು ಪೆಟ್ಟಿಗೆಯೊಳಗೆ ತಲೆಯನ್ನೇ ತೂರಿಸಿದಳು.

"ಓದೋಕೆ ಮೊದಲೇ ತಿಂದ್ಬಿಡ್ಬೇಡ ಕಣೇ!" ಅಂತ ಮಿಸ್ ನಕ್ಕರು.

ಅವಳಿಗೆ ಆ ಹೆಸರು ಬಂದಿದ್ದೇ ಹಾಗೆ. ಪುಸ್ತಕ ಸಿಕ್ಕಿದರೆ ಸಾಕು, ಒಂದು ಮೂಲೆ ಹಿಡಿದು ಕೂತುಬಿಡುತ್ತಿದ್ದಳು. ಊಟಕ್ಕೆ ಕರೆದರೂ ಕೇಳುತ್ತಿರಲಿಲ್ಲ. "ನಮ್ಮನೆಗೆ ಗೆದ್ದಲು ಹಿಡಿದಿದೆ ರೀ" ಅಂತ ಅವಳ ಅಪ್ಪ ತಾನು ಬ್ರೆಡ್ಡು ಮಾಡುತ್ತಿದ್ದ ಬೇಕರಿಗೆ ಬಂದವರ ಹತ್ತಿರ ಹೇಳಿಕೊಂಡು ನಗುತ್ತಿದ್ದ. ಹೆಸರು ಬೇಕರಿಯಿಂದ ಬೀದಿಗೆ ಬಂತು, ಬೀದಿಯಿಂದ ಸ್ಕೂಲಿಗೂ ಬಂತು.

ಪೆಟ್ಟಿಗೆಯಲ್ಲಿ ಮೂರು ಹೊಸ ಕಾದಂಬರಿಗಳಿದ್ದವು. ಪ್ರತಿಯೊಂದರದೂ ಒಂದೊಂದು ಕಟ್ಟು. ಬೇಸಿಗೆ ರಜೆಗೆ ಕ್ಲಾಸಿನ ಎಲ್ಲರೂ ಒಂದೊಂದು ಮನೆಗೆ ಒಯ್ಯಬೇಕು.

"ನೀನು ಮೂರನ್ನೂ ಮೊದಲು ಓದು. ರಜೆ ಶುರುವಾಗೋಕೆ ಮುಂಚೆ ಕ್ಲಾಸಲ್ಲಿ ನಿಂತ್ಕೊಂಡು ಯಾವ್ದು ಹೇಗಿದೆ ಅಂತ ಹೇಳು. ಅದನ್ನ ಕೇಳಿ ಅವರವರಿಗೆ ಬೇಕಾದ್ದು ಆರಿಸ್ಕೋತಾರೆ," ಅಂದರು ಮಿಸ್.

"ನಿಜ ಹೇಳ್ಬಹುದಾ ಮಿಸ್?"

"ನಿಜಾನೇ ಹೇಳ್ಬೇಕು. ಹೊಗಳೋಕೆ ಹಿಂದಿನ ರಟ್ಟಿನ ಮೇಲೆ ಬರೆದಿರ್ತಾರಲ್ಲ, ಅಷ್ಟು ಸಾಕು."

ಮನೆಗೆ ಬಂದು ಗೆದ್ದಲು ಸದ್ದಾಗದಂತೆ ಬಾಗಿಲು ತೆರೆದಳು. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದಳು. ಅಮ್ಮ ಬಸ್ ಕಂಡಕ್ಟರ್, ಸಂಜೆಯ ಟ್ರಿಪ್ಪು ಮುಗಿಸಿಯೇ ಬರುತ್ತಿದ್ದಳು. ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಅಲ್ಲಿ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ.

ಅಪ್ಪ ಹೀಗೆ ಮಲಗಿ ಬಹಳ ಕಾಲವಾಗಿತ್ತು. ಕಳೆದ ಬೇಸಿಗೆಗೆ ಮುಂಚೆ ಒಂದು ದಿನ ಬೇಕರಿಯಿಂದ ಬೇಗ ಬಂದ. ಸುಸ್ತು ಅಂದ. ಮರುದಿನವೂ ಸುಸ್ತು ಅಂದ. ಆಮೇಲೆ ಅದನ್ನೂ ಹೇಳಲಿಲ್ಲ. ಜ್ವರವಿಲ್ಲ, ಪೆಟ್ಟಾಗಿಲ್ಲ, ಯಾರ ಜೊತೆಗೂ ಜಗಳವಾಗಿಲ್ಲ. "ಮನಸ್ಸಿನ ಕಾಯಿಲೆ, ಮಾತ್ರೆ ತಗೊಳ್ಳಲಿ, ನಿಧಾನಕ್ಕೆ ಸರಿಹೋಗುತ್ತೆ" ಅಂದರು ಡಾಕ್ಟರ್. ನಿಧಾನ ಅಂದರೆ ಎಷ್ಟು ನಿಧಾನ ಅಂತ ಅವರು ಹೇಳಲಿಲ್ಲ. ದೊಡ್ಡಮ್ಮ ಬಂದಾಗಲೆಲ್ಲ "ಅಂಥಾದ್ದೇನಾಯ್ತೇ ನಿಮ್ಮಪ್ಪಂಗೆ?" ಅಂತ ಕೇಳುತ್ತಿದ್ದಳು. ಏನೂ ಆಗಿಲ್ಲ ಅಂತ ಹೇಳಿ ಹೇಳಿ ಗೆದ್ದಲಿಗೆ ಸಾಕಾಗಿತ್ತು.

ಅಡುಗೆಮನೆಯ ಕಿಟಕಿ ಕೆಳಗೆ ಕೂತು ಅವಳು ಮೊದಲನೇ ಪುಸ್ತಕ ತೆರೆದಳು. 'ಏಳನೇ ಮಹಡಿಯ ಬೆಕ್ಕು.' ಅದರಲ್ಲಿ ಕಳ್ಳ ಯಾರು ಅಂತ ಅವಳಿಗೆ ಬಲುಬೇಗ ಗೊತ್ತಾಗಿಹೋಯಿತು. ಆದರೆ ಬೆಕ್ಕು ತುಂಬ ಚೂಟಿಯಾಗಿದ್ದರಿಂದ ಕಳ್ಳನನ್ನು ಕ್ಷಮಿಸಿದಳು. ಎರಡನೆಯದು 'ಹಡಗಿನ ಅಡುಗೆಮನೆ.' ಅದರಲ್ಲಿ ಬಿರುಗಾಳಿ ಎದ್ದಾಗ ಪಾತ್ರೆಗಳೆಲ್ಲ ಆ ಕಡೆಯಿಂದ ಈ ಕಡೆಗೆ ಉರುಳುತ್ತವೆ. ಓದುತ್ತಿದ್ದ ಗೆದ್ದಲಿಗೂ ಹೊಟ್ಟೆ ತೊಳೆಸಿತು. ಇದಕ್ಕಿಂತ ಒಳ್ಳೆ ಪುಸ್ತಕ ಬೇಕಾ ಅಂದುಕೊಂಡಳು.

ಮೂರನೆಯದರ ಹೆಸರು 'ಬಾಗಿಲಾಚೆಯ ಸುದ್ದಿ.' ಮೊದಲನೇ ಪುಟ ಓದಿದಳು. ಆಮೇಲೆ ಎದ್ದು ಹೋಗಿ ಒಳಗಿನ ಕೋಣೆಯ ಬಾಗಿಲು ನೋಡಿ ಬಂದು ಮತ್ತೆ ಕೂತಳು.

ಆ ಕತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪನೂ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅವನ ಚಪ್ಪಲಿಯ ಮೇಲೂ ಧೂಳು ಕೂತಿತ್ತು. ಫ್ರೆಂಡ್ಸ್ ಮನೆಗೆ ಬರ್ತೀವಿ ಅಂದರೆ ಆ ಹುಡುಗಿಯೂ ಏನಾದರೊಂದು ನೆಪ ಹೇಳುತ್ತಿದ್ದಳು. ಇದನ್ನು ಬರೆದವರು ನಮ್ಮ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿದ್ದಾರಾ ಅಂತ ಗೆದ್ದಲಿಗೆ ಮೈ ಜುಮ್ಮೆಂದಿತು. ಇಷ್ಟು ಪುಸ್ತಕ ಓದಿದ್ದರೂ ತಮ್ಮ ಮನೆಯಂಥ ಮನೆ ಅವಳಿಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಕತೆಯ ಹುಡುಗಿ ದಿನಾ ಅಪ್ಪನ ಬಾಗಿಲ ಹತ್ತಿರ ನಿಂತು ಹೊರಗಿನ ಸುದ್ದಿ ಹೇಳುತ್ತಿದ್ದಳು. ಎದುರುಮನೆಗೆ ಬಣ್ಣ ಬಳಿದರು, ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಬಿದ್ದ, ಇಂಥವೇ. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅವಳು ಬಿಡುತ್ತಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಒಂದು ದಿನ ಅವಳ ಗಂಟಲು ಕಟ್ಟಿ ಸುದ್ದಿ ಹೇಳಲಾಗಲಿಲ್ಲ. ಆಗ ಒಳಗಿನಿಂದ ಅಪ್ಪನ ದನಿ ಕೇಳಿತು. "ಇವತ್ತು ಹೊರಗೇನಿದೆ ಪುಟ್ಟಿ?" ಬಾಗಿಲು ತೆರೆಯಿತು. ಇಬ್ಬರೂ ಕೈ ಹಿಡಿದುಕೊಂಡು ಸಮುದ್ರ ನೋಡಲು ಹೋದರು. ಅವಳ ಪ್ರೀತಿ ಅಪ್ಪನನ್ನು ಎಬ್ಬಿಸಿತ್ತು. ಪುಸ್ತಕದಲ್ಲಿ ಹಾಗೇ ಬರೆದಿತ್ತು.

ಗೆದ್ದಲು ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಉಪಾಯ ಇಷ್ಟು ಸುಲಭದ್ದಾ? ಇಷ್ಟು ದಿನ ತನಗೆ ಯಾಕೆ ಹೊಳೆಯಲಿಲ್ಲ?

ಮರುದಿನ ಸ್ಕೂಲಿನಿಂದ ಬಂದವಳೇ ಬಾಗಿಲ ಸಂದಿಯಲ್ಲಿ ನಿಂತಳು. "ಅಪ್ಪಾ, ಇವತ್ತು ಮಿಠಾಯಿ ಬಣ್ಣದ ಕಾರು ಬಂದಿತ್ತು ನಮ್ಮ ಬೀದಿಗೆ. ರಿವರ್ಸ್ ತಗೊಳಕ್ಕಾಗ್ದೆ ಪೂಂ ಪೂಂ ಅಂತ ಒಂದೇ ಸಮ ಬಡ್ಕೋತಿತ್ತು."

ಅಪ್ಪನ ಬೆನ್ನು ಅಲುಗಲಿಲ್ಲ. ಪರವಾಗಿಲ್ಲ ಅಂದುಕೊಂಡಳು, ಪುಸ್ತಕದಲ್ಲೂ ಮೊದಲ ದಿನ ಅಲುಗಿರಲಿಲ್ಲ.

ಅದರ ಮಾರನೇ ದಿನ ಕಟಿಂಗ್ ಶಾಪಿನವನ ಹೊಸ ಕನ್ನಡಿಯ ಸುದ್ದಿ ಹೇಳಿದಳು. ಆಮೇಲೆ ನಾಯಿಮರಿಗಳ ಸುದ್ದಿ. ದಾರಿಯುದ್ದಕ್ಕೂ ಸುದ್ದಿ ಹುಡುಕುತ್ತ ನಡೆದು ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದಳು. ಕ್ಲಾಸಲ್ಲಿ ಹೇಳಬೇಕಾದ ದಿನದ ಹಿಂದಿನ ಸಂಜೆ, ಎಲ್ಲಕ್ಕಿಂತ ದೊಡ್ಡ ಸುದ್ದಿ ತರೋಣ ಅಂತ ಅಪ್ಪನ ಹಳೇ ಬೇಕರಿಗೇ ಹೋದಳು.

"ಅಪ್ಪಾ, ಬೇಕರಿಗೆ ಹೋಗಿದ್ದೆ," ಅಂದಳು ಏದುಸಿರು ಬಿಡುತ್ತ. "ಹೊಸಬ ಮಾಡೋ ಬ್ರೆಡ್ಡು ತಳ ಸೀದಿರುತ್ತೆ ಗೊತ್ತಾ? ಮೇಲೆ ನೋಡಿದ್ರೆ ಚೆನ್ನಾಗಿರುತ್ತೆ, ತಿರುಗಿಸಿದ್ರೆ ಕಪ್ಪು. ಅಪ್ಪ ಯಾವಾಗ ಬರ್ತಾನೆ ಅಂತ ಓನರ್ ಕೇಳಿದ್ರು. ಏನು ಹೇಳ್ಲಿ ಅಪ್ಪಾ?"

ಅಪ್ಪನ ಹೆಗಲು ಅಲುಗಿತು. ಅಪ್ಪ ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಮಾತಾಡಿದ.

"ಬಾಗಿಲು ಹಾಕ್ಕೊಂಡು ಹೋಗು ಮಗಾ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಗೆದ್ದಲು ಬಾಗಿಲು ಹಾಕಿದಳು.

ಕ್ಲಾಸಲ್ಲಿ ಅವಳು ಮೂರು ಪುಸ್ತಕ ಹಿಡಿದು ಬೋರ್ಡಿನ ಮುಂದೆ ನಿಂತಳು. ಮೊದಲನೆಯ ಪುಸ್ತಕದ ಬಗ್ಗೆ, "ಪೊಲೀಸರಿಗಿಂತ ಬೆಕ್ಕಿಗೆ ಬುದ್ಧಿ ಜಾಸ್ತಿ. ಪೊಲೀಸರಿಗಿಂತ ಕಳ್ಳಂಗೂ ಜಾಸ್ತಿ," ಅಂದಳು. ಎಲ್ಲರೂ ನಕ್ಕರು. ಎರಡನೆಯದರ ಬಗ್ಗೆ, "ಊಟ ಆದ ತಕ್ಷಣ ಓದ್ಬೇಡಿ, ವಾಂತಿ ಬರುತ್ತೆ. ಅಷ್ಟು ಚೆನ್ನಾಗಿದೆ," ಅಂದಳು. ಹಿಂದಿನ ಬೆಂಚಿನ ಹುಡುಗರು ತಮಗೆ ಅದೇ ಬೇಕು ಅಂತ ಆಗಲೇ ಕೈ ಎತ್ತಿದರು.

ಮೂರನೆಯದನ್ನು ಎತ್ತಿ ಹಿಡಿದಳು.

"ಇದನ್ನ ಯಾರೂ ತಗೋಬೇಡಿ."

"ಬೋರಾ?" ಅಂದ ಮೈಕು. ಅವನು ಪಿಸುಗುಟ್ಟಿದರೂ ಪಕ್ಕದ ಕ್ಲಾಸಿಗೆ ಕೇಳುತ್ತಿತ್ತು, ಅದಕ್ಕೇ ಆ ಹೆಸರು.

"ಬೋರಿಲ್ಲ. ಕೊನೇ ಅಧ್ಯಾಯದವರೆಗೂ ಎಲ್ಲಾ ನಿಜ. ಕೊನೇ ಅಧ್ಯಾಯ ಸುಳ್ಳು."

"ಕತೆ ಅಂದ್ಮೇಲೆ ಪೂರ್ತಿ ಸುಳ್ಳೇ ತಾನೇ? ಇದೊಂದೇ ಸುಳ್ಳು ಅಂತ ನಿಂಗೆ ಹೇಗೆ ಗೊತ್ತು?"

ಗೆದ್ದಲಿನ ಕಿವಿ ಬಿಸಿಯಾಯಿತು. "ಗೊತ್ತು! ಅವರಪ್ಪ ಎದ್ದು ಬರ್ತಾನೆ ಅಂತ ಬರ್ದಿದಾರೆ. ಅವಳು ಬಾಗಿಲಲ್ಲಿ ನಿಂತ್ಕೊಂಡು ಸುದ್ದಿ ಹೇಳ್ತಾಳಂತೆ, ಇವನು ಎದ್ದು ಬರ್ತಾನಂತೆ, ಸಮುದ್ರಕ್ಕೆ ಹೋಗ್ತಾರಂತೆ!"

"ಮಿಸ್! ಕೊನೇನೇ ಹೇಳ್ಬಿಟ್ಲು ಮಿಸ್!"

"ಅನ್ಯಾಯ ಮಿಸ್!"

ಕ್ಲಾಸೆಲ್ಲ ಗಲಾಟೆಯಾಯಿತು. ಆ ಗಲಾಟೆಗಿಂತ ಜೋರಾಗಿ ಗೆದ್ದಲು ಕಿರುಚಿದಳು. "ಹಾಗೆಲ್ಲ ಯಾರೂ ಬರಲ್ಲ!"

ಗಲಾಟೆ ನಿಂತಿತು. ಮೈಕು ಕೂಡ ಬಾಯಿ ಮುಚ್ಚಿಕೊಂಡ.

ಬೆಕ್ಕಿನ ಪುಸ್ತಕದ ಕಟ್ಟು ಖಾಲಿಯಾಯಿತು. ಹಡಗಿನದೂ ಖಾಲಿಯಾಯಿತು. ಪುಸ್ತಕ ಸಿಗದವರು ಇಬ್ಬಿಬ್ಬರು ಸೇರಿ ಓದ್ತೀವಿ ಅಂದರು. ಮೂರನೇ ಕಟ್ಟು ಒಂದು ಪ್ರತಿಯೂ ಹೋಗದೆ ಹಾಗೇ ಉಳಿಯಿತು. ಬೆಲ್ಲು ಹೊಡೆದ ಮೇಲೆ ಗೆದ್ದಲೇ ಅದನ್ನು ಲೈಬ್ರರಿಗೆ ಹೊತ್ತು ತಂದಳು.

ಮಿಸ್ ಬೈಯಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

"ಮಿಸ್, ಕೊನೇಲಿ ಸರಿಹೋಗ್ದೇ ಇರೋ ಪುಸ್ತಕ ಇಲ್ವಾ?"

"ಇದಾವೆ. ದೊಡ್ಡವರ ಕಪಾಟಲ್ಲಿ."

"ನಮ್ಮ ಕಪಾಟಲ್ಲಿ ಯಾಕಿಲ್ಲ?"

ಮಿಸ್ ಕಟ್ಟಿನ ಮೇಲಿನ ಧೂಳು ಒರೆಸಿದರು. ಹೊಸ ಪುಸ್ತಕ, ಅದರ ಮೇಲೆ ಧೂಳೇ ಇರಲಿಲ್ಲ. "ಗೊತ್ತಿಲ್ಲ ಕಣಮ್ಮ. ನಮಗೇ ಭಯವೇನೋ." ಆಮೇಲೆ ಮೆಲ್ಲಗೆ, "ನಿಮ್ಮನೇಲಿ..." ಅಂದರು.

ಗೆದ್ದಲು ಬ್ಯಾಗು ಎತ್ತಿಕೊಂಡು ಓಡಿಬಿಟ್ಟಳು.

ಆ ಸಂಜೆ ಅವಳು ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಅಮ್ಮ ಬಂದು ಶೂ ಕಳಚಿದಳು. ದಿನವಿಡೀ ಬಸ್ಸಲ್ಲಿ ನಿಂತು ನಿಂತು ಅವಳ ಪಾದಗಳು ಊದಿದ್ದವು. ಬಕೆಟ್ಟಿಗೆ ಬಿಸಿನೀರು ಸುರಿದುಕೊಂಡು ಕಾಲು ಇಳಿಬಿಟ್ಟು "ಅಬ್ಬಾ" ಅಂದಳು.

"ಹೇಗಾಯ್ತೇ ನಿನ್ನ ಭಾಷಣ? ಚಪ್ಪಾಳೆ ತಟ್ಟಿದ್ರಾ?"

ಏನೂ ಹೇಳಬಾರದು ಅಂತಿದ್ದಳು ಗೆದ್ದಲು. ಆದರೆ ಬಾಯಿ ತೆರೆದದ್ದೇ ಎಲ್ಲ ಬಂದುಬಿಟ್ಟಿತು. ಪುಸ್ತಕ, ಕಾರು, ನಾಯಿಮರಿಗಳು, ತಳ ಸೀದ ಬ್ರೆಡ್ಡು, ಬಾಗಿಲು ಹಾಕ್ಕೊಂಡು ಹೋಗು ಅಂದದ್ದು, ಕ್ಲಾಸಲ್ಲಿ ಕಿರುಚಿದ್ದು. ಹೇಳುತ್ತ ಹೇಳುತ್ತ ಬಿಕ್ಕಳಿಕೆ ಶುರುವಾಯಿತು.

"ಆ ಹುಡುಗಿಗೆ ಅವರಪ್ಪನ ಮೇಲೆ ತುಂಬಾ ಪ್ರೀತಿ ಅಮ್ಮ. ಅದಕ್ಕೇ ಅವನು ಎದ್ದ. ನಂಗೆ... ನಂಗೆ ಅಷ್ಟಿಲ್ಲ ಅನ್ಸುತ್ತೆ."

ಅಮ್ಮ ಅವಳನ್ನೇ ನೋಡಿದಳು. ಅವಳ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. ಆಮೇಲೆ ಕಾಲು ಒರೆಸಿಕೊಂಡು ಎದ್ದು ಟೀಗೆ ನೀರಿಟ್ಟಳು. ಒಂದು ಲೋಟ ಟೀ ತೆಗೆದುಕೊಂಡು ಒಳಗಿನ ಕೋಣೆಗೆ ಹೋದಳು.

ಈ ಹೊತ್ತಿಗೆ ಗೆದ್ದಲು ಯಾವಾಗಲೂ ಪುಸ್ತಕದೊಳಗೆ ಮುಳುಗಿರುತ್ತಿದ್ದಳು. ಇವತ್ತು ಕೈಯಲ್ಲಿ ಏನೂ ಇರಲಿಲ್ಲ. ಎದ್ದು ಹೋಗಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು.

"...ಮಾರ್ಕೆಟ್ ಸ್ಟಾಪಲ್ಲಿ ಒಬ್ಬ ಅಜ್ಜ ಹತ್ತಿದ ರೀ," ಅನ್ನುತ್ತಿದ್ದಳು ಅಮ್ಮ. "ಟಿಕೆಟ್ ಎಲ್ಲಿಗೆ ಅಂದ್ರೆ, ನೀನೇ ಹೇಳಮ್ಮ, ಎಲ್ಲಿ ಸೆಕೆ ಕಮ್ಮಿ ಇದೆ, ಅಂತಾನೆ. ಬಸ್ಸಲ್ಲಿದ್ದೋರೆಲ್ಲ ಬಿದ್ದೂ ಬಿದ್ದೂ ನಕ್ಕರು. ನಿನ್ನೆ ಹೇಳಿದ್ನಲ್ಲ, ಆ ಮೂರು ಜಡೆ ಹುಡುಗಿ, ಅವಳೂ ಇದ್ಲು. ಮೊನ್ನೆ ಜಗಳ ಆಡಿದ್ನಲ್ಲ ಡ್ರೈವರ್, ಅವನೂ ನಕ್ಕ..."

ಗೆದ್ದಲು ಇಣುಕಿ ನೋಡಿದಳು. ಅಮ್ಮ ಮಂಚದ ಅಂಚಿನಲ್ಲಿ ಯೂನಿಫಾರ್ಮಿನಲ್ಲೇ ಕೂತಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿದ್ದ. ಅವನ ಬೆನ್ನಿಗೆ ಹೇಳುತ್ತಿದ್ದರೂ ಅಮ್ಮ ಕೈ ಬಾಯಿ ತಿರುಗಿಸಿಕೊಂಡು, ಅಜ್ಜನ ದನಿ ಮಾಡಿಕೊಂಡು ಹೇಳುತ್ತಿದ್ದಳು.

ನಿನ್ನೆ. ಮೊನ್ನೆ. ಅದಕ್ಕೂ ಹಿಂದೆ.

ಅಮ್ಮನಿಗೆ ಯಾವ ಪುಸ್ತಕವೂ ಇದನ್ನು ಹೇಳಿಕೊಟ್ಟಿರಲಿಲ್ಲ. ಅಮ್ಮ ಪುಸ್ತಕವನ್ನೇ ಓದುತ್ತಿರಲಿಲ್ಲ, ಅವಳಿಗೆ ಪುರುಸೊತ್ತೇ ಇರಲಿಲ್ಲ. ಅಪ್ಪನ ಮೇಲೆ ಅಮ್ಮನಿಗೆ ಪ್ರೀತಿ ಸಾಲದು ಅಂತ ಯಾರಾದರೂ ಅಂದಿದ್ದರೆ ಗೆದ್ದಲು ಅವರ ಕೈ ಕಚ್ಚಿಬಿಡುತ್ತಿದ್ದಳು.

ಅಪ್ಪ ಮಾತ್ರ ಅಲುಗಲಿಲ್ಲ.

ಅಮ್ಮ ಮಾತು ಮುಗಿಸಿ, ಹೊದಿಕೆ ಅವನ ಹೆಗಲವರೆಗೆ ಎಳೆದು, ಬೆಳಗ್ಗೆ ಇಟ್ಟಿದ್ದ, ಇನ್ನೂ ತುಂಬಿಯೇ ಇದ್ದ ಲೋಟ ಎತ್ತಿಕೊಂಡು ಹೊರಗೆ ಬಂದಳು. ಬಾಗಿಲಲ್ಲಿ ಮಗಳನ್ನು ಕಂಡು ನಿಂತಳು.

ಗೆದ್ದಲು ಲೋಟ ಇಸಿದುಕೊಂಡು ಸಿಂಕಿಗೆ ಸುರಿದು ತೊಳೆದಿಟ್ಟಳು. ಬಕೆಟ್ಟಿನ ನೀರು ಆರಿಹೋಗಿತ್ತು. ಅದನ್ನು ಚೆಲ್ಲಿ, ಬೇರೆ ಬಿಸಿನೀರು ಹಾಕಿ ತಂದು ಅಮ್ಮನ ಮುಂದಿಟ್ಟು, ತಾನೂ ಅಲ್ಲೇ ನೆಲದ ಮೇಲೆ ಕೂತಳು.

"ಆಮೇಲೆ ಆ ಅಜ್ಜ ಎಲ್ಲಿ ಇಳಿದ್ರು ಅಮ್ಮ?" ಅಂತ ಕೇಳಿದಳು.