ಅರ್ಧ ಗೊತ್ತಿದ್ದ ಕಟ್ಟಳೆ

ಇಂಗ್ಲಿಷ್ ಮೇಷ್ಟ್ರ ತಲೆಬುರುಡೆ ಒಡೆದುಹೋಗಿತ್ತು. ಕಬ್ಬಿಣದ ಸ್ಟೂಲಿನಿಂದ ಯಾರೋ ಸಿಟ್ಟು ತೀರುವವರೆಗೂ ಚಚ್ಚಿದ್ದರು. ನೆತ್ತರು ಕರಿಹಲಗೆಗೂ ಎರಚಿತ್ತು. ಆ ಹಲಗೆ ನೋಡಿಯೇ ಪೊಲೀಸರು ಕಂಪೌಂಡರನ ತಂಗಿಯನ್ನು ಎಳೆದುಕೊಂಡು ಹೋದರು. ಅಯ್ಯೋ, ಇರುವೆ ತುಳಿಯಲೂ ಹೆದರುವ ಹುಡುಗಿ ಅದು! ಪತ್ತೇದಾರ ಸೋದರಮಾವನ ಜೊತೆ ತಿರುಗಿ ಹತ್ತಾರು ಹೆಣ ನೋಡಿದ್ದ ಕಂಪೌಂಡರ ಈ ಸಲ ತಾನೇ ಹೋಗಿ ಮಾವನ ಕಾಲು ಹಿಡಿದ.

ತಂಗಿ ನರ್ಸು. ಹೊರದೇಶದ ಕೆಲಸದ ಸಂದರ್ಶನಕ್ಕೆಂದು ಮೇಷ್ಟ್ರ ಹತ್ತಿರ ಕಲಿಯುತ್ತಿದ್ದಳು. 'ನಿಮ್ಮ ಭೇಟಿಯನ್ನು ಎದುರು ನೋಡುತ್ತಿದ್ದೇನೆ' ಎನ್ನಲು ಆ ಸಂಜೆ ಹಲಗೆ ಮೇಲೆ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಎಂದು ಬರೆದಳು. 'ಮೀಟಿಂಗ್' ಅನ್ನಬೇಕು ಕಣೇ, ಎಷ್ಟು ಸಲ ಬಡ್ಕೊಳ್ಳಲಿ ಎಂದು ಮೇಷ್ಟ್ರು ಎಲ್ಲರೆದುರು ಹಂಗಿಸಿದರು. ಇವಳೂ ಎದುರಾಡಿ, ಅಳುತ್ತಾ ಮನೆಗೆ ಬಂದಳು. ಬೆಳಿಗ್ಗೆ ನೋಡಿದರೆ ಹೆಣ ಬಿದ್ದಿತ್ತು. ಹಲಗೆಯಲ್ಲಿ 'ಮೀಟ್'ಗೆ 'ಇಂಗ್' ಸೇರಿತ್ತು, ಅದೂ ನೆತ್ತರ ಕಲೆಯ ಮೇಲೆ.

"ಈ ಕ್ಲಾಸಿನಲ್ಲಿ ತಪ್ಪು ಮಾಡಿದವರೇ ತಿದ್ದಬೇಕಂತೆ, ಬೇರೆಯವರು ಮುಟ್ಟೋ ಹಾಗಿಲ್ಲ. ಅಂದಮೇಲೆ ಕೊಂದು 'ಇಂಗ್' ಬರೆದವಳು ಇವಳೇ," ಎಂದ ಇನ್‌ಸ್ಪೆಕ್ಟರ್. ಕ್ಲಾಸಿನ ಕೆಳಗಿನ ಮನೆಯಲ್ಲಿದ್ದ ಮೇಷ್ಟ್ರ ತಮ್ಮ ಅವನಿಗೆ ಹಾಗೆ ಹೇಳಿದ್ದ. ಜಗಳ ಕೇಳಿಸಿತೆಂದವನೂ ಅವನೇ.

ಮಾವ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದ. ಹಲಗೆಯ ಮೂಲೆಯಲ್ಲಿ ಅಂಥದ್ದೇ ಇನ್ನೊಂದು ತಪ್ಪು ಸಾಲು ಬರೆದು, ತಂಗಿಗೆ ತಿದ್ದಲು ಹೇಳಿದ. ಅವಳು ಬೇಡಿ ಹಾಕಿದ ಕೈಯಲ್ಲೇ ಇಡೀ ಸಾಲು ಒರೆಸಿ, ಮೊದಲಿನಿಂದ ಬರೆದಳು. ಅಲ್ಲಿದ್ದ ಇಬ್ಬರು ವಿದ್ಯಾರ್ಥಿಗಳೂ ಹಾಗೇ ಮಾಡಿದರು. ನಡುವೆ ಅಕ್ಷರ ತುರುಕಿ ತೇಪೆ ಹಾಕಿದರೆ ಮೇಷ್ಟ್ರು ಕೈಗೆ ಬಾರಿಸುತ್ತಿದ್ದರಂತೆ.

ಮಾವ ಮೇಷ್ಟ್ರ ತಮ್ಮನ ಕಡೆ ತಿರುಗಿದ. "ಕೇಳಿದ್ಯೇನಪ್ಪ? ಇಲ್ಲಿ ಕಲಿತವರು ಯಾರೂ 'ಇಂಗ್' ತುರುಕೋದಿಲ್ಲ. ಅರ್ಧ ಕಟ್ಟಳೆ ಗೊತ್ತಿದ್ದವನು ತುರುಕ್ತಾನೆ, ಕೊಂದದ್ದನ್ನ ಈ ಹುಡುಗಿ ತಲೆಗೆ ಕಟ್ಟೋಕೆ. ಇನ್‌ಸ್ಪೆಕ್ಟರಿಗೆ ಆ ಅರ್ಧ ಹೇಳಿದವನು ನೀನು. ಕ್ಲಾಸಿಗೆ ಕಾಲಿಟ್ಟವನಲ್ಲ, ಕೆಳಗಿಂದ ಕೇಳಿಸ್ಕೊಂಡವನು."

ತಮ್ಮ ಪಕ್ಕದ ಸ್ಟೂಲನ್ನೇ ಎತ್ತಿ ಮಾವನತ್ತ ಬೀಸಿದ. ಅಡ್ಡ ಹೋದ ಕಂಪೌಂಡರನ ಮುಂಗೈ ಮೂಳೆ ಲಟಕ್ಕನೆ ಮುರಿಯಿತು. ಪೇದೆಗಳು ತಮ್ಮನನ್ನು ನೆಲಕ್ಕೆ ಕೆಡವಿ ಬಾಯಿಗೆ ಗುದ್ದಿದರು.

"ಉಣ್ಣೋಕೆ ಕೂತರೂ ಅಣ್ಣ ನನ್ನ ಮಾತು ತಿದ್ದೋನು, ನನ್ನ ಮಕ್ಕಳೆದುರು ನಗೋನು," ಎಂದ ಅವನು, ರಕ್ತ ಉಗುಳುತ್ತಾ. "ಆ ಸಂಜೆ ಈ ಹುಡುಗಿ ಅಳ್ತಾ ಇಳಿದು ಹೋದ್ಲು. ಮೇಲೆ ಹೋಗಿ, ಇನ್ನಾದರೂ ನಿಲ್ಲಿಸೋ ಅಂದೆ. ಆ ಮಾತನ್ನೂ ತಿದ್ದಿದ."

"ಹಾಗಾದ್ರೆ ನನ್ನನ್ನೇ ಯಾಕೆ ಸಿಕ್ಕಿಸಿದೆ?" ಎಂದು ಕೇಳಿದಳು ತಂಗಿ.

ಪೇದೆಗಳು ಅವನನ್ನು ಎಳೆದುಕೊಂಡು ಹೋದರು. ಬೇಡಿ ಬಿಚ್ಚಿದ ತಕ್ಷಣ ಅವಳು ಅಣ್ಣನ ಮುರಿದ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.