ಗುಳ್ಳೆ ನಿಂತ ಮೇಲೆ

ಬೆಳಿಗ್ಗೆಯಿಂದ ಅವನು ಅವಳ ಕಡೆ ನೋಡಿಯೇ ಇಲ್ಲ. ನೋಟವೆಲ್ಲ ಆಸ್ಪತ್ರೆಯ ಮಂಚದ ಕೆಳಗೆ.

"ನನ್ ಮುಖ ನೋಡೋಕೂ ಬೇಜಾರಾ?" ಕುರ್ಚಿಯಲ್ಲೇ ನಿದ್ದೆಗೆಟ್ಟು ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತ ಟೈಲರಮ್ಮ ಕೇಳಿದಳು.

"ಶ್... ಗುಳ್ಳೆ ನೋಡ್ತಿದೀನಿ ಕಣೇ."

ಅವನ ಪಕ್ಕೆಯಿಂದ ಇಳಿದ ಪೈಪು ಕೆಳಗಿದ್ದ ಬಾಟಲಿಯ ನೀರಿನಲ್ಲಿ ಮುಳುಗಿತ್ತು. ಹಿಂದೊಮ್ಮೆ ಲಿವರ್‌ನ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಅದು ಸದ್ದಿಲ್ಲದೆ ಶ್ವಾಸಕೋಶಕ್ಕೂ ಹಬ್ಬಿತ್ತು. ಮೊನ್ನೆ ಅಲ್ಲಿನ ಗಂಟುಗಳನ್ನೂ ಕತ್ತರಿಸಿದರು. ಕತ್ತರಿಸಿದ ಕಡೆ ಗಾಳಿ ಸೋರಿದರೆ ನೀರಿನಲ್ಲಿ ಗುಳ್ಳೆ. ಸೈಕಲ್ ಪಂಕ್ಚರ್ ಹಾಕುವವನಿಗೆ ಇದಕ್ಕಿಂತ ಒಳ್ಳೆ ಟಿವಿ ಬೇಕೆ?

ನಿನ್ನೆ ಅವಳೇ ಬಾಯಿಬಿಟ್ಟು ಕೇಳಿದ್ದಳು, "ಮದುವೆ ಆಗೋಣ್ವಾ?"

"ಮೊದ್ಲು ಗುಳ್ಳೆ ನಿಲ್ಲಲಿ, ಆಮೇಲೆ ಹೇಳ್ತೀನಿ" ಎಂದು ಜಾರಿಕೊಂಡಿದ್ದ.

ಸಿಸ್ಟರ್ ಬಂದರು. "ಜೋರಾಗಿ ಕೆಮ್ಮಿ ಅಣ್ಣಾ, ಲೀಕ್ ಇದ್ಯಾ ನೋಡೋಣ."

ಬೆಕ್ಕು ಸೀನಿದಂತೆ ಒಂದು ಸದ್ದು ಬಂತು.

"ಇದು ಕೆಮ್ಮಾ? ಅಕ್ಕಾ, ಡಾಕ್ಟ್ರು ಬರೋಷ್ಟರಲ್ಲಿ ನೀವೇ ಕೆಮ್ಮಿಸಿ" ಎಂದು ಸಿಸ್ಟರ್ ಹೊರಟುಹೋದರು.

"ತುಂಬಾ ನೋವಾ?"

"ನೋವಲ್ಲ..." ಅವನ ದನಿ ಸಣ್ಣದಾಯಿತು. "ಬೆಳಿಗ್ಗೆಯಿಂದ ಗುಳ್ಳೇನೇ ಬಂದಿಲ್ಲ. ಕೆಮ್ಮಿದಾಗ್ಲೂ ಬರ್ಲಿಲ್ಲ ಅಂದ್ರೆ ನಿಂಗೆ ಉತ್ತರ ಕೊಡ್ಬೇಕಲ್ಲ. ನಾಳೆ ಈ ಕಾಯಿಲೆ ಇನ್ನೆಲ್ಲೋ ಬಂದ್ರೆ? ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಸೋರೋ ಟ್ಯೂಬನ್ನ ಯಾರೇ ಕಟ್ಕೋತಾರೆ?"

ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

"ನನ್ ಸೈಕಲ್ ಟ್ಯೂಬ್ ತುಂಬಾ ಪ್ಯಾಚು. ಹೊಸದು ಹಾಕು ಅಂದಾಗೆಲ್ಲ ಏನಂತಿದ್ದೆ?"

"ಇನ್ನೂ ಓಡತ್ತೆ, ಸುಮ್ನೆ ಯಾಕೆ ಬಿಸಾಕ್ತೀಯ ಅಂತ."

"ಗಿರಾಕಿಗೊಂದು ನ್ಯಾಯ, ನಿಂಗೊಂದು ನ್ಯಾಯಾನಾ? ಕೆಮ್ಮು."

ಕೆಮ್ಮುವಾಗ ಗಾಯ ಎಳೆಯದಿರಲೆಂದು ದಿಂಬು ತೆಗೆದು ಅವನ ಪಕ್ಕೆಗೆ ಒತ್ತಿ ಹಿಡಿದಳು. ಆಗ ಅವನು ನೋಡಿದ. ಬಾಟಲಿಯನ್ನಲ್ಲ, ಅವಳ ಕಣ್ಣಡಿಯ ಕಪ್ಪನ್ನು, ಕೆದರಿದ ಮುಂಗುರುಳನ್ನು, ಕುಪ್ಪಸದ ತೋಳಿಗೆ ಇನ್ನೂ ಸಿಕ್ಕಿಸಿಕೊಂಡೇ ಇದ್ದ ಗುಂಡುಸೂಜಿಯನ್ನು.

ಜೀವ ಹಿಂಡಿದಂತೆ ಕೆಮ್ಮಿದ.

ಇಬ್ಬರೂ ಬಗ್ಗಿ ನೋಡಿದರು. ಒಂದೇ ಒಂದು ಗುಳ್ಳೆಯೂ ಇಲ್ಲ.

"ಈಗ ಹೇಳು."

"ಸುಸ್ತಾಗಿದೆ ಕಣೇ."

"ನಂಗೂ. ಬೇಗ ಹೇಳು, ಮಲ್ಕೋಬೇಕು."

"ಹೂಂ."

"ಹೂಂ ಅಂದ್ರೆ?"

"ಕಟ್ಕೋತೀನಿ ಮಾರಾಯ್ತಿ!"

ಅವಳು ನಗಲು ಹೋದಳು, ನಗು ಆಕಳಿಕೆಯಾಯಿತು. ಮಂಚದ ಅಂಚಿಗೆ ತಲೆಯಿಟ್ಟದ್ದೇ ತಡ, ಸಣ್ಣಗೆ ಗೊರಕೆ ಶುರುವಾಯಿತು.

ಅವನು ಬಾಟಲಿ ಮರೆತು, ಅವಳ ಉಸಿರು ಏರಿಳಿಯುವುದನ್ನೇ ನೋಡುತ್ತ ಮಲಗಿದ.